ಎಂಟನೇ ತಿಂಗಳಲ್ಲಿ ಬಿಪಿ 146/94: ಮಾತ್ರೆ ಬೇಕೇ, ತವರಿಗೆ ಕಳುಹಿಸಬಹುದೇ?

ಪ್ರಶ್ನೆ: ಘಟ್ಟದ ಮೇಲಿನವನು

ನಮಸ್ಕಾರ. ನನ್ನ ಪತ್ನಿಗೆ 29 ವರ್ಷ, ಇದು ಚೊಚ್ಚಲ ಬಸಿರು, ಈಗ 31ನೇ ವಾರ ನಡೆಯುತ್ತಿದೆ. ನಾವಿರುವುದು ಬೆಂಗಳೂರಿನಲ್ಲಿ; ಅವಳ ತವರು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಮೊದಲ ಆರು ತಿಂಗಳು ರಕ್ತದೊತ್ತಡ 110/70ರ ಆಸುಪಾಸಿನಲ್ಲಿಯೇ ಇತ್ತು. ಕಳೆದ ವಾರದ ತಪಾಸಣೆಯಲ್ಲಿ ಬೆಳಿಗ್ಗೆ 146/94 ಬಂದಿತು. ಸಂಜೆಯವರೆಗೆ ಅಲ್ಲಿಯೇ ಇರಿಸಿಕೊಂಡು ಮತ್ತೆ ನೋಡಿದಾಗ 142/92 ಇತ್ತು. ಮೂತ್ರದಲ್ಲಿ ಪ್ರೋಟೀನ್ 'ಟ್ರೇಸ್', ಅಂದರೆ ಅತ್ಯಲ್ಪ, ಎಂದು ವರದಿಯಾಗಿದೆ. ಪ್ಲೇಟ್‌ಲೆಟ್, ಲಿವರ್ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ) ಪರೀಕ್ಷೆಗಳು ಸರಿಯಾಗಿವೆ. ವೈದ್ಯರು ಲೇಬೆಟಲಾಲ್ 100 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆ ಎರಡು ಬಾರಿ ತೆಗೆದುಕೊಳ್ಳಲು ಬರೆದುಕೊಟ್ಟು, ಮನೆಯಲ್ಲಿ ಬಿಪಿ ನೋಡಿಕೊಳ್ಳಬೇಕೆಂದೂ ವಾರಕ್ಕೊಮ್ಮೆ ಬರಬೇಕೆಂದೂ ಹೇಳಿದ್ದಾರೆ.

ತೊಡಕು ಇರುವುದು ಇಲ್ಲಿ. ಅವಳಿಗೆ ತಲೆನೋವಿಲ್ಲ, ತಲೆ ಸುತ್ತುವುದಿಲ್ಲ, ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿಕೊಳ್ಳುವುದನ್ನು ಬಿಟ್ಟರೆ ಆರಾಮವಾಗಿಯೇ ಇದ್ದಾಳೆ. ಹೀಗಿರುವಾಗ ಹೊಟ್ಟೆಯಲ್ಲಿ ಮಗುವನ್ನಿಟ್ಟುಕೊಂಡು ಬಿಪಿ ಮಾತ್ರೆ ನುಂಗುವುದೇಕೆ, ಉಪ್ಪು ಬಿಟ್ಟು ಮಲಗಿದ್ದರೆ ಸಾಲದೇ ಎಂಬುದು ನನ್ನ ಅಮ್ಮ ಮತ್ತು ಅತ್ತೆ ಇಬ್ಬರ ಅಭಿಪ್ರಾಯ. ಈ ಒಂದು ವಿಷಯದಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದಿರುವುದು ನನಗೇ ಆಶ್ಚರ್ಯ. ನನ್ನ ತಂದೆಯವರು ವರ್ಷಗಳಿಂದ ತೆಗೆದುಕೊಳ್ಳುತ್ತಿರುವ ಟೆಲ್ಮಿಸಾರ್ಟನ್ ಇನ್ನೂ ಒಳ್ಳೆಯದು, ದಿನಕ್ಕೆ ಒಂದೇ ಮಾತ್ರೆ ಸಾಕಾಗುತ್ತದೆ ಎಂದು ಸಂಬಂಧಿಕರೊಬ್ಬರು ಹೇಳಿದರು. ಮುಂದಿನ ತಿಂಗಳು ಸೀಮಂತ ಮುಗಿಸಿ ಹೆರಿಗೆಗೆ ತವರಿಗೆ ಕರೆದೊಯ್ಯುವುದೆಂದು ಮೊದಲೇ ನಿಶ್ಚಯವಾಗಿತ್ತು. ಮಾತ್ರೆ ನಿಜವಾಗಿಯೂ ಬೇಕೇ, ಅದರಿಂದ ಮಗುವಿಗೆ ತೊಂದರೆಯಾಗುವುದೇ, ಈ ಸ್ಥಿತಿಯಲ್ಲಿ ತವರಿಗೆ ಕಳುಹಿಸಬಹುದೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹೆರಿಗೆ ವೈದ್ಯೆ, ಧಾರವಾಡ

ಪರೀಕ್ಷಿಸದೆ ಚಿಕಿತ್ಸೆ ಹೇಳುವುದು ಸರಿಯಲ್ಲ, ನಿಮ್ಮ ವೈದ್ಯರ ಮಾತೇ ಅಂತಿಮ. ಆದರೆ ನೀವು ವಿವರಗಳನ್ನು ಅಚ್ಚುಕಟ್ಟಾಗಿ ಕೊಟ್ಟಿರುವುದರಿಂದ, ಅವರು ಹಾಗೆ ಹೇಳಿರುವುದರ ಹಿಂದಿನ ಕಾರಣವನ್ನು ವಿವರಿಸಬಲ್ಲೆ.

ಬಸುರಿಯಲ್ಲಿ ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90 ಮುಟ್ಟಿದರೆ, ಕನಿಷ್ಠ ನಾಲ್ಕು ಗಂಟೆ ಬಿಟ್ಟು ಮತ್ತೊಮ್ಮೆ ನೋಡಿದಾಗಲೂ ಅದು ಹಾಗೆಯೇ ಇದ್ದರೆ, ಅದನ್ನು ಅಧಿಕ ರಕ್ತದೊತ್ತಡವೆಂದೇ ಪರಿಗಣಿಸಬೇಕು. ನಿಮ್ಮ ಪತ್ನಿಯನ್ನು ಸಂಜೆಯವರೆಗೆ ಕೂರಿಸಿಕೊಂಡದ್ದು ಈ ಕಾರಣಕ್ಕೆ. 20 ವಾರಗಳಿಗೆ ಮೊದಲೇ ಬಿಪಿ ಇದ್ದರೆ ಅದು ಬಸಿರಿಗಿಂತ ಹಿಂದಿನಿಂದ ಬಂದದ್ದು ಎಂದು ತಿಳಿಯುತ್ತೇವೆ; 20 ವಾರಗಳ ನಂತರ ಹೊಸದಾಗಿ ಬಂದು, ಮೂತ್ರದಲ್ಲಿ ಪ್ರೋಟೀನ್ ಹೋಗದೆ, ಬೇರೆ ಅಂಗಗಳಿಗೂ ತೊಂದರೆ ಇಲ್ಲದಿದ್ದರೆ ಅದು ಗರ್ಭಾವಸ್ಥೆಯ ರಕ್ತದೊತ್ತಡ. ಪ್ರೋಟೀನ್ ಹೋಗತೊಡಗಿದರೆ, ಅಥವಾ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿಯುವುದು, ಲಿವರ್ ಕಿಣ್ವಗಳು ದುಪ್ಪಟ್ಟಾಗುವುದು, ಮೂತ್ರಪಿಂಡ ಸೋಲುವುದು, ಶ್ವಾಸಕೋಶದಲ್ಲಿ ನೀರು ತುಂಬುವುದು ಇವುಗಳಲ್ಲಿ ಯಾವುದಾದರೂ ಒಂದು ಕಾಣಿಸಿಕೊಂಡರೆ ಅದನ್ನು ಪ್ರಿಎಕ್ಲಾಂಪ್ಸಿಯಾ ಎನ್ನುತ್ತೇವೆ. ಪ್ರೋಟೀನ್ ಇಲ್ಲದೆಯೂ ಪ್ರಿಎಕ್ಲಾಂಪ್ಸಿಯಾ ಇರಬಹುದು ಎಂಬುದನ್ನು ವಿಶೇಷವಾಗಿ ನೆನಪಿಡಿ. ನಿಮ್ಮ ವರದಿಯ ಪ್ರಕಾರ ಅವರು ಸದ್ಯಕ್ಕೆ ಗರ್ಭಾವಸ್ಥೆಯ ರಕ್ತದೊತ್ತಡದ ಗುಂಪಿನಲ್ಲಿದ್ದಾರೆ. ಆದರೆ 32 ವಾರಗಳಿಗಿಂತ ಮೊದಲೇ ಬಿಪಿ ಏರಿದವರಲ್ಲಿ ಅರ್ಧದಷ್ಟು ಮಂದಿಯವರೆಗೆ ಮುಂದೆ ಪ್ರಿಎಕ್ಲಾಂಪ್ಸಿಯಾಕ್ಕೆ ತಿರುಗಬಹುದು. ವಾರವಾರವೂ ಬನ್ನಿ ಎಂದು ಹೇಳಿರುವುದು ಆ ತಿರುವು ಕೈತಪ್ಪಿ ಹೋಗಬಾರದೆಂದು.

ಅವರಿಗೆ ಏನೂ ಅನಿಸುತ್ತಿಲ್ಲ ಎಂಬುದು ಸಮಾಧಾನದ ಮಾತಾಗಬಾರದು. ಈ ಕಾಯಿಲೆಯ ಮೂಲ ಮಾಸಿನಲ್ಲಿದೆ (ಪ್ಲಾಸೆಂಟಾ). ಬಸಿರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಸಣ್ಣ ರಕ್ತನಾಳಗಳು ಅಗಲಗೊಂಡು ಮಾಸಿಗೆ ಧಾರಾಳವಾಗಿ ರಕ್ತ ಹರಿಸಬೇಕು. ಕೆಲವರಲ್ಲಿ ಅವು ಸರಿಯಾಗಿ ಅಗಲಗೊಳ್ಳುವುದಿಲ್ಲ. ರಕ್ತ ಸಾಲದ ಮಾಸು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಅತಿಯಾಗಿ ಬಿಡುತ್ತದೆ, ಅವು ಮೈಯೆಲ್ಲದರ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ, ನಾಳಗಳು ಬಿಗಿಯುತ್ತವೆ. ಹೊರಗೆ ಆರೋಗ್ಯವಾಗಿ ಕಾಣುವ ಹೆಣ್ಣುಮಗಳ ಒಳಗೆ ಇದು ವಾರಗಟ್ಟಲೆ ನಡೆಯಬಹುದು. ತಲೆನೋವು, ಕಣ್ಣು ಮಂಜಾಗುವುದು ಇವೆಲ್ಲ ಬರುವ ವೇಳೆಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ.

ಉಪ್ಪಿನ ವಿಷಯಕ್ಕೆ ಬರೋಣ. ಬಸುರಿಯರಲ್ಲಿ ಉಪ್ಪು ಕಡಿತಗೊಳಿಸಿದರೆ ಪ್ರಿಎಕ್ಲಾಂಪ್ಸಿಯಾ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಈ ಉದ್ದೇಶಕ್ಕಾಗಿ ಉಪ್ಪು ಬಿಡಿಸುವುದನ್ನು ಶಿಫಾರಸು ಮಾಡುವುದಿಲ್ಲ. ಹಪ್ಪಳ, ಉಪ್ಪಿನಕಾಯಿ ಮಿತಿಯಲ್ಲಿರಲಿ, ಆದರೆ ಸಪ್ಪೆ ಅನ್ನ ಸೇರದೆ ಊಟವೇ ಕಡಿಮೆಯಾದರೆ ನಷ್ಟ ಮಗುವಿಗೆ. ದಿನವಿಡೀ ಮಲಗಿಸುವುದರಿಂದಲೂ ಪ್ರಯೋಜನವಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ. ಮನೆಯೊಳಗಿನ ಓಡಾಟ, ಹಗುರವಾದ ಕೆಲಸ, ಮಧ್ಯಾಹ್ನ ಒಂದಿಷ್ಟು ಹೊತ್ತು ಎಡಮಗ್ಗುಲಿಗೆ ಮಲಗುವುದು, ಇಷ್ಟು ಸಾಕು.

ಲೇಬೆಟಲಾಲ್ ಬಸುರಿಯರಿಗೆ ವರ್ಷಗಳಿಂದ ಕೊಡುತ್ತಿರುವ ಮಾತ್ರೆ. ನಿಫೆಡಿಪಿನ್ ಮತ್ತು ಮಿಥೈಲ್‌ಡೋಪಾ ಕೂಡ ಅದೇ ಸಾಲಿನವು. ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ತೀವ್ರ ಬಿಪಿ ಇದ್ದ ಸುಮಾರು 900 ಬಸುರಿಯರಿಗೆ ಈ ಮೂರನ್ನೂ ಬಾಯಿಯ ಮೂಲಕವೇ ಕೊಟ್ಟು ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಗಿದೆ. ಮೂರರಲ್ಲಿ ಯಾವುದು ದೊರೆತರೂ ಉಪಯೋಗಿಸಬಹುದೆಂದು ಅದು ತೋರಿಸಿತು. ನಿಮ್ಮ ಪತ್ನಿಗೆ ಆಸ್ತಮಾ ಇದ್ದರೆ ವೈದ್ಯರಿಗೆ ಕೂಡಲೇ ತಿಳಿಸಿ, ಆಗ ಲೇಬೆಟಲಾಲ್ ಕೊಡುವುದಿಲ್ಲ. ಮೊದಲ ಕೆಲವು ದಿನ ನೆತ್ತಿಯ ಚರ್ಮ ಜುಮುಜುಮು ಎನ್ನಬಹುದು, ಹೆದರಬೇಕಾಗಿಲ್ಲ. ಆದರೆ ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್ ಈ ಗುಂಪಿನ ಮಾತ್ರೆಗಳನ್ನು ಬಸಿರಿನಲ್ಲಿ ಮುಟ್ಟಲೇಬಾರದು. ಅವು ಮಗುವಿನ ಮೂತ್ರಪಿಂಡಗಳನ್ನು ಕೆಡಿಸುತ್ತವೆ, ಗರ್ಭನೀರು ಬತ್ತುತ್ತದೆ, ಮಗು ಉಳಿಯದೆಯೂ ಹೋಗಬಹುದು. ಆ ಸಂಬಂಧಿಕರಿಗೆ ಇದನ್ನು ದಯವಿಟ್ಟು ಸ್ಪಷ್ಟವಾಗಿ ಹೇಳಿ, ಏಕೆಂದರೆ ಅವರು ಇದೇ ಸಲಹೆಯನ್ನು ಮತ್ತೊಬ್ಬರಿಗೆ ಕೊಡುವ ಸಾಧ್ಯತೆ ಇದೆ.

ಒಂದು ಮಾತು ಬಿಡಿಸಿ ಹೇಳಬೇಕು. ಮಾತ್ರೆ ಬಿಪಿಯನ್ನು ಇಳಿಸಿ ತಾಯಿಯ ಮೆದುಳಿನ ರಕ್ತಸ್ರಾವವನ್ನು ತಪ್ಪಿಸುತ್ತದೆ. ಮಾಸಿನ ದೋಷವನ್ನು ಅದು ಸರಿಪಡಿಸುವುದಿಲ್ಲ. ಆದ್ದರಿಂದ ಬಿಪಿ 130/80ಕ್ಕೆ ಬಂದಿತೆಂದು ಮೂತ್ರ ಮತ್ತು ರಕ್ತ ಪರೀಕ್ಷೆಗಳನ್ನಾಗಲಿ, ಮಗುವಿನ ಬೆಳವಣಿಗೆಯ ಸ್ಕ್ಯಾನ್ ಮತ್ತು ರಕ್ತದ ಹರಿವು ನೋಡುವ ಡಾಪ್ಲರನ್ನಾಗಲಿ ಬಿಡಬಾರದು. ಮಾಸಿನಲ್ಲಿ ರಕ್ತ ಸಾಲದಿದ್ದರೆ ಮಗು ತೂಕ ಹಿಡಿಯುವುದಿಲ್ಲ. ಕೆಲವೊಮ್ಮೆ ಹೆರಿಗೆಗೆ ಮೊದಲೇ ಮಾಸು ಗರ್ಭಕೋಶದಿಂದ ಬಿಡಿಸಿಕೊಂಡು ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯವಾಗುತ್ತದೆ. ಕಾಯಿಲೆ ಕೊನೆಗೂ ಇಳಿಮುಖವಾಗುವುದು ಮಾಸು ಹೊರಬಂದ ಮೇಲೆಯೇ. ಎಲ್ಲವೂ ಹತೋಟಿಯಲ್ಲಿದ್ದರೆ ಸಾಮಾನ್ಯವಾಗಿ 37 ವಾರ ತುಂಬುತ್ತಿದ್ದಂತೆ ಹೆರಿಗೆ ಮಾಡಿಸುತ್ತೇವೆ. ತೀವ್ರ ಲಕ್ಷಣಗಳು ಬಂದರೆ 34 ವಾರ ದಾಟಿದ ಮೇಲೆ ಕಾಯುವುದಿಲ್ಲ. ಅದಕ್ಕಿಂತ ಮೊದಲೇ ತುರ್ತು ಬಂದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತೇವೆ. ತವರಿನ ಪ್ರಶ್ನೆಯನ್ನು ಈ ಲೆಕ್ಕದ ಮೇಲೆಯೇ ಯೋಚಿಸಬೇಕು: ಹೆರಿಗೆ 40 ವಾರಕ್ಕಲ್ಲ, 37ಕ್ಕೆ ಅಥವಾ ಇನ್ನೂ ಮೊದಲೇ ಆಗಬಹುದು, ಮತ್ತು ಆ ದಿನ ನವಜಾತ ಶಿಶುಗಳ ತುರ್ತು ಘಟಕ ಕೈಗೆಟುಕುವಂತಿರಬೇಕು.

ಉತ್ತರ: ಶುಶ್ರೂಷಕಿ, ಬಾಗಲಕೋಟೆ ಜಿಲ್ಲೆ

ಮೇಡಂ ಅವರು ಕಾಯಿಲೆಯನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಮನೆಯಲ್ಲಿ ಬಿಪಿ ನೋಡುವ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅಳತೆ ತಪ್ಪಾದರೆ ಉಳಿದದ್ದೆಲ್ಲ ತಪ್ಪಾಗುತ್ತದೆ.

ಮಣಿಕಟ್ಟಿಗೆ ಕಟ್ಟುವ ಯಂತ್ರ ಬೇಡ, ತೋಳಿಗೆ ಕಟ್ಟುವುದನ್ನೇ ಕೊಳ್ಳಿ, ಮತ್ತು ಆಸ್ಪತ್ರೆಗೆ ಹೋಗುವಾಗ ಒಮ್ಮೆ ಅದನ್ನು ಜೊತೆಗೆ ಒಯ್ದು ಅಲ್ಲಿನ ಯಂತ್ರದ ಜೊತೆ ಹೋಲಿಸಿ ನೋಡಿ. ಪಟ್ಟಿ ತೋಳಿಗೆ ಬಿಗಿಯಾಗುವಷ್ಟು ಚಿಕ್ಕದಾದರೆ ಬಿಪಿ ಇಲ್ಲದಿದ್ದರೂ ಇದೆಯೆಂದು ತೋರಿಸುತ್ತದೆ. ನೋಡುವ ಮೊದಲು ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಕಾಲುಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಕಾಫಿ ಕುಡಿದ ಕೂಡಲೇ ನೋಡಬಾರದು. ತೋಳು ಮೇಜಿನ ಮೇಲೆ ಎದೆಯ ಮಟ್ಟದಲ್ಲಿರಲಿ, ಯಂತ್ರ ಗಾಳಿ ತುಂಬಿಕೊಳ್ಳುವಾಗ ಮಾತನಾಡಬಾರದು. ಬೆಳಿಗ್ಗೆ ಮತ್ತು ಸಂಜೆ ನೋಡಿ ದಿನಾಂಕ ಹಾಗೂ ಸಮಯದೊಂದಿಗೆ ಬರೆದಿಡಿ; 'ನಾರ್ಮಲ್ ಇತ್ತು' ಎಂದು ಬರೆಯದೆ ಎರಡೂ ಅಂಕಿಗಳನ್ನು ಬರೆಯಿರಿ. ಮೂತ್ರದ ಪಟ್ಟಿಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಬೆಳಗಿನ ಮೂತ್ರದಲ್ಲಿ ಅದ್ದಿ, ಡಬ್ಬಿಯ ಮೇಲೆ ಸೂಚಿಸಿದಷ್ಟು ಸಮಯ ಬಿಟ್ಟು ನೋಡಿದರೆ ಪ್ರೋಟೀನಿನ ಚೌಕ ಹಳದಿಯಿಂದ ಹಸಿರಿಗೆ ತಿರುಗುತ್ತದೆ, ಹಸಿರು ಗಾಢವಾದಷ್ಟೂ ಪ್ರೋಟೀನ್ ಹೆಚ್ಚು.

160/110 ಬಂದರೆ ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಆಗಲೂ ಅಷ್ಟೇ ಇದ್ದರೆ ನಾಳೆಯ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಆ ಕ್ಷಣವೇ ಹೊರಡಿ. ಬಿಪಿ ಎಷ್ಟೇ ಇರಲಿ, ಮಾತ್ರೆಗೆ ಬಗ್ಗದ ತಲೆನೋವು, ಕಣ್ಣೆದುರು ಮಿಂಚು ಅಥವಾ ಮಂಜು, ಉಸಿರಾಟಕ್ಕೆ ಕಷ್ಟ, ಒಂದೆರಡು ದಿನದಲ್ಲಿ ಮುಖ ಮತ್ತು ಕೈಬೆರಳುಗಳು ಊದಿ ಉಂಗುರ ಬಿಗಿಯಾಗುವುದು, ಮಗುವಿನ ಚಲನೆ ಕಡಿಮೆಯಾಗುವುದು, ರಕ್ತ ಹೋಗುವುದು, ಇವುಗಳಲ್ಲಿ ಯಾವುದೊಂದು ಬಂದರೂ ಹಾಗೆಯೇ ಮಾಡಿ. ಇನ್ನೊಂದು ಲಕ್ಷಣವನ್ನು ಬೇರೆಯಾಗಿ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಅತಿ ಹೆಚ್ಚು ಮೋಸ ಮಾಡುವುದು ಅದೇ. ಬಲ ಪಕ್ಕೆಲುಬಿನ ಕೆಳಗೆ ಅಥವಾ ಎದೆಗುಂಡಿಯಲ್ಲಿ ನೋವು ಬಂದು ವಾಂತಿಯಾದರೆ ಮನೆಯವರೆಲ್ಲ ಅದನ್ನು ಗ್ಯಾಸ್ ಎನ್ನುತ್ತಾರೆ, ಜೀರಿಗೆ ಕಷಾಯ ಕುಡಿಸುತ್ತಾರೆ, ಅಂಗಡಿಯಿಂದ ಅಸಿಡಿಟಿ ಮಾತ್ರೆ ತರುತ್ತಾರೆ. ಅದು ಲಿವರ್ ಊದಿಕೊಂಡ ನೋವಾಗಿರಬಹುದು. ಕೆಂಪು ರಕ್ತಕಣ ಒಡೆದು, ಲಿವರ್ ಕೆಟ್ಟು, ಪ್ಲೇಟ್‌ಲೆಟ್ ಕುಸಿಯುವ ಹೆಲ್ಪ್ ಸಿಂಡ್ರೋಮ್ ಎಂಬ ಸ್ಥಿತಿ ಹೀಗೆಯೇ ಆರಂಭವಾಗುತ್ತದೆ, ಕೆಲವರಲ್ಲಿ ಆಗ ಬಿಪಿ ಅಷ್ಟೇನೂ ಏರಿರುವುದಿಲ್ಲ.

ಫಿಟ್ಸ್ ಬಂದರೆ ಏನಾಗುತ್ತದೆಂದು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ, ಹೆದರಿಸುವುದಕ್ಕಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾವು ಮೊದಲು ಅವರನ್ನು ಎಡಮಗ್ಗುಲಿಗೆ ಹೊರಳಿಸುತ್ತೇವೆ, ನಾಲಿಗೆ ಕಚ್ಚಿಕೊಳ್ಳದಂತೆ ಬಾಯಿಗೆ ಚಮಚ ತುರುಕಲು ಓಡಿಬರುವ ನೆಂಟರನ್ನು ತಡೆಯುತ್ತೇವೆ. ಆಮೇಲೆ ಮೆಗ್ನೀಸಿಯಂ ಸಲ್ಫೇಟ್. ಎರಡು ಮಿಲಿಲೀಟರಿನ ಒಂದು ಆಂಪ್ಯೂಲಿನಲ್ಲಿ ಒಂದು ಗ್ರಾಂ ಇರುತ್ತದೆ. ಹತ್ತು ಆಂಪ್ಯೂಲ್ ಒಡೆದು, ಐದೈದರಂತೆ ಎರಡು ಸಿರಿಂಜಿಗೆ ಎಳೆದುಕೊಂಡು, ಎರಡೂ ಪೃಷ್ಠಗಳ ಸ್ನಾಯುವಿನ ಆಳಕ್ಕೆ ಕೊಟ್ಟು, ನಂತರವೇ 108ರಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತೇವೆ. ಚುಚ್ಚಿದ ಜಾಗ ಚೆನ್ನಾಗಿಯೇ ನೋಯುತ್ತದೆ, ಮೈಯೆಲ್ಲ ಬಿಸಿಯೇರಿದಂತೆ ಆಗುತ್ತದೆ. ಮುಂದಿನ ಡೋಸಿಗೆ ಮೊದಲು ಮೊಣಕಾಲನ್ನು ತಟ್ಟಿದಾಗ ಕಾಲು ಎಗರುತ್ತದೆಯೇ, ನಿಮಿಷಕ್ಕೆ ಉಸಿರು ಎಷ್ಟು, ಗಂಟೆಗೆ ಕನಿಷ್ಠ 30 ಮಿ.ಲೀ. ಮೂತ್ರ ಬರುತ್ತಿದೆಯೇ ಎಂದು ನೋಡುತ್ತಾರೆ, ಏಕೆಂದರೆ ಈ ಔಷಧಿ ಅತಿಯಾದರೆ ಉಸಿರಾಟವನ್ನೇ ನಿಲ್ಲಿಸಬಲ್ಲದು. ಅದಕ್ಕೆ ಪ್ರತಿಮದ್ದಾಗಿ ಕ್ಯಾಲ್ಸಿಯಂ ಗ್ಲುಕೋನೇಟ್ ಪಕ್ಕದಲ್ಲಿಯೇ ಇರುತ್ತದೆ. ಬಹಳ ಅಗ್ಗದ ಔಷಧಿಯಿದು. 33 ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನದಲ್ಲಿ ಇದು ಪ್ರಿಎಕ್ಲಾಂಪ್ಸಿಯಾ ಇದ್ದವರಲ್ಲಿ ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು.

ನಮ್ಮ ಬಾಗಲಕೋಟೆ ಮತ್ತು ಪಕ್ಕದ ಬೆಳಗಾವಿ ಜಿಲ್ಲೆಗಳಲ್ಲಿ, ಆಶಾ ಕಾರ್ಯಕರ್ತೆಯರು ಮತ್ತು ಶುಶ್ರೂಷಕಿಯರು ಬಸುರಿಯರ ಮನೆಗೇ ಹೋಗಿ ಬಿಪಿ ನೋಡಿ ಅಪಾಯವನ್ನು ಗುರುತಿಸುವ ಕ್ಲಿಪ್ ಎಂಬ ದೊಡ್ಡ ಅಧ್ಯಯನ ಕಳೆದ ದಶಕದಲ್ಲಿ ನಡೆಯಿತು. ಫಲಿತಾಂಶ ಬಂದಾಗ, ಒಟ್ಟಾರೆ ತಾಯಿ ಮತ್ತು ಮಗುವಿನ ಸಾವು ಹಾಗೂ ತೊಡಕುಗಳು ಅದರಿಂದ ಕಡಿಮೆಯಾಗಿರಲಿಲ್ಲ. ಹಳ್ಳಿಯಲ್ಲಿ ಬಿಪಿ ಪತ್ತೆಹಚ್ಚುವುದು ಅರ್ಧ ಕೆಲಸ, ಅಲ್ಲಿಂದ ಕಳುಹಿಸಿದವರನ್ನು ಸರಿಯಾಗಿ ನೋಡಿಕೊಳ್ಳುವ ಆಸ್ಪತ್ರೆ ಇರುವುದು ಉಳಿದ ಅರ್ಧ ಎಂದು ಅದನ್ನು ನಾನು ಅರ್ಥಮಾಡಿಕೊಂಡಿದ್ದೇನೆ. ನಿಮ್ಮ ತವರಿನ ಪ್ರಶ್ನೆಗೂ ಇದು ಅನ್ವಯಿಸುತ್ತದೆ.

ಉತ್ತರ: ಶಿರಸಿಯವ

ನಾನು ವೈದ್ಯನಲ್ಲ, ಆದರೆ ಊರು ಬಲ್ಲೆ. ಶಿರಸಿ ಪೇಟೆಯಲ್ಲಿ ಒಳ್ಳೆಯ ಹೆರಿಗೆ ವೈದ್ಯರಿದ್ದಾರೆ, ಸಾಮಾನ್ಯ ಹೆರಿಗೆಗೆ ಏನೂ ಕೊರತೆಯಿಲ್ಲ. ಆದರೆ ಸ್ಥಿತಿ ಬಿಗಡಾಯಿಸಿದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗೆನ್ನುತ್ತಾರೆ. ಹುಬ್ಬಳ್ಳಿ ಹತ್ತಿರವೆಂದರೂ ಸುಮಾರು ನೂರು ಕಿಲೋಮೀಟರ್. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಿರುವುದು ಸುಮ್ಮನೆ ಅಲ್ಲ. ಅದರ ಮೇಲೆ ಹಳ್ಳಿಯ ಮನೆಯಿಂದ ಪೇಟೆಯವರೆಗಿನ ದಾರಿ, ಮಳೆಗಾಲವಾದರೆ ಮರ ಬೀಳುವುದು, ಮೊಬೈಲ್ ಸಿಗ್ನಲ್ ಇಲ್ಲದಿರುವುದು, ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನನ್ನ ಸಲಹೆ ಇಷ್ಟೇ: ಸೀಮಂತವನ್ನು ಬೆಂಗಳೂರಿನ ಮನೆಯಲ್ಲಿಯೇ ಚಿಕ್ಕದಾಗಿ ಮಾಡಿ, ಅತ್ತೆಯವರನ್ನೇ ಅಲ್ಲಿಗೆ ಕರೆಸಿಕೊಳ್ಳಿ. ಹೆರಿಗೆಯಾಗಿ ಎಲ್ಲ ಸ್ಥಿರವಾದ ಮೇಲೆ ಬಾಣಂತನಕ್ಕೆ ಊರಿಗೆ ಬಂದರಾಯಿತು.

ಉತ್ತರ: ಹಳೆಯ ಸದಸ್ಯ

ಎಲ್ಲರೂ ಸೇರಿ ಆ ಮನುಷ್ಯನನ್ನು ಹೆದರಿಸುತ್ತಿದ್ದೀರಿ ಎಂದು ನನಗೆ ಅನಿಸುತ್ತದೆ. ನಮ್ಮ ಅಜ್ಜಿಯಂದಿರು ಹತ್ತು ಹತ್ತು ಹೆತ್ತರು, ಯಾರಿಗೂ ಬಿಪಿ ಎಂದರೇನೆಂದು ಗೊತ್ತಿರಲಿಲ್ಲ. ಈಗ ಎರಡು ಅಂಕಿ ಮೇಲೆ ಹೋದರೆ ಸಾಕು, ಮಾತ್ರೆ, ವಾರಕ್ಕೊಂದು ಸ್ಕ್ಯಾನ್, ಕೊನೆಗೆ 37 ವಾರಕ್ಕೆ ಸಿಸೇರಿಯನ್. ನನ್ನ ತಂಗಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೀಗೆಯೇ ಆಯಿತು, ಕಾರಣ ಕೇಳಿದರೆ 'ಬಿಪಿ ಇತ್ತು' ಎಂದಷ್ಟೇ ಹೇಳಿದರು. ಬಿಪಿ ಎಂಬುದು ಕತ್ತರಿ ಹಾಕಲು ಸಿಕ್ಕ ಒಳ್ಳೆಯ ನೆಪವಲ್ಲವೇ?

ಉತ್ತರ: ಹೆರಿಗೆ ವೈದ್ಯೆ, ಧಾರವಾಡ

ನಿಮ್ಮ ಸಂಶಯದಲ್ಲಿ ಅರ್ಧ ನ್ಯಾಯವಿದೆ. ಕಾರಣವನ್ನು ಬಿಡಿಸಿ ಹೇಳದೆ ಸಿಸೇರಿಯನ್ ಮಾಡುವುದು ತಪ್ಪು, ನಿಮ್ಮ ತಂಗಿಗೆ ಸರಿಯಾದ ವಿವರಣೆ ದೊರೆಯಬೇಕಿತ್ತು. ಬಿಪಿ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗುವುದಿಲ್ಲ. ನೋವು ಬರಿಸಿ ಸಹಜ ಹೆರಿಗೆ ಮಾಡಿಸುವುದೇ ಮೊದಲ ಆಯ್ಕೆ. ಮಗುವಿನ ಎದೆಬಡಿತ ಕುಂದುತ್ತಿದ್ದರೆ, ತಾಯಿಯ ಸ್ಥಿತಿ ಗಂಟೆಗಂಟೆಗೂ ಕೆಡುತ್ತಿದ್ದರೆ, ಅಥವಾ ದಿನ ತುಂಬುವುದಕ್ಕೆ ಬಹಳ ಮೊದಲಾಗಿದ್ದು ಗರ್ಭಕೊರಳು ಸ್ವಲ್ಪವೂ ಹದವಾಗಿರದಿದ್ದರೆ ಮಾತು ಬೇರೆ. ನೆದರ್ಲೆಂಡ್ಸ್‌ನಲ್ಲಿ ಸೌಮ್ಯ ಪ್ರಮಾಣದ ಬಿಪಿ ಇದ್ದ 756 ಬಸುರಿಯರಲ್ಲಿ, 36 ವಾರ ದಾಟಿದ ಮೇಲೆ ನೋವು ಬರಿಸುವುದನ್ನೂ ಕಾಯುವುದನ್ನೂ ಹೋಲಿಸಿ ನೋಡಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತಾಯಂದಿರ ತೊಡಕುಗಳು ಕಾದವರಲ್ಲಿ ಶೇ. 44, ನೋವು ಬರಿಸಿದವರಲ್ಲಿ ಶೇ. 31 ಇದ್ದವು, ಸಿಸೇರಿಯನ್ ಕೂಡ ನೋವು ಬರಿಸಿದವರಲ್ಲಿ ಹೆಚ್ಚಾಗಲಿಲ್ಲ. ಆದ್ದರಿಂದ ಪ್ರಶ್ನೆ ಕೇಳಿದವರು 37 ವಾರ ಹತ್ತಿರವಾದಾಗ ತಮ್ಮ ವೈದ್ಯರನ್ನು 'ನೋವು ಬರಿಸಿ ನೋಡಬಹುದೇ, ಇಲ್ಲವಾದರೆ ಏಕೆ' ಎಂದು ಸಂಕೋಚವಿಲ್ಲದೆ ಕೇಳಲಿ.

ಅಜ್ಜಿಯಂದಿರ ಮಾತು. ಹತ್ತು ಹೆತ್ತು ಬದುಕಿದವರು ಅಜ್ಜಿಯರಾದರು. ಹೆರಿಗೆಯಲ್ಲಿ ಸನ್ನಿ ಬಂದು ಹೋದವರು ಅಜ್ಜಿಯರಾಗಲಿಲ್ಲ, ಆದ್ದರಿಂದ ಅವರ ಕಥೆ ನಮ್ಮ ಮನೆಗಳಲ್ಲಿ ಉಳಿದಿಲ್ಲ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2018-20ರಲ್ಲಿ 69 ಇತ್ತು. ಅದೇ ಅವಧಿಯಲ್ಲಿ ಕೇರಳದಲ್ಲಿ 19. ರಕ್ತಸ್ರಾವ ಮತ್ತು ಸೋಂಕಿನ ಜೊತೆಗೆ ರಕ್ತದೊತ್ತಡವೂ ಇಂತಹ ಸಾವುಗಳ ಮುಖ್ಯ ಕಾರಣಗಳಲ್ಲಿ ಒಂದು, ಮತ್ತು ಮೂರರಲ್ಲಿ ಇದನ್ನೇ ಹೆಚ್ಚು ಮುಂಚಿತವಾಗಿ ಪತ್ತೆಹಚ್ಚಲು ಸಾಧ್ಯ.

ಉತ್ತರ: ಇಬ್ಬರು ಮಕ್ಕಳ ತಾಯಿ, ಮೈಸೂರು

ಯಾರೂ ಹೇಳದಿರುವ ಒಂದು ವಿಷಯವನ್ನು ಸೇರಿಸುತ್ತೇನೆ. ಮೊದಲ ಹೆರಿಗೆಯಲ್ಲಿ ನನಗೆ ಬಿಪಿ ಬಂದದ್ದು ಹೆರಿಗೆಯಾದ ಮೇಲೆ. ಒಂಬತ್ತು ತಿಂಗಳೂ ಎಲ್ಲ ಸರಿಯಾಗಿತ್ತು, ಸಹಜ ಹೆರಿಗೆಯಾಗಿ ಮೂರನೇ ದಿನ ಮನೆಗೆ ಬಂದೆ. ಆ ವಾರದ ಕೊನೆಯಲ್ಲಿ ಹಣೆಯ ಎರಡೂ ಬದಿ ಸಿಡಿಯುವಂತಹ ತಲೆನೋವು ಬಂದಿತು. ನೀರು ಹಾಕಿಸಿಕೊಂಡು ತಲೆ ಸರಿಯಾಗಿ ಆರಿಲ್ಲ, ಶೀತ ಹಿಡಿದಿದೆ ಎಂದು ಮನೆಯವರು ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಸಾಂಬ್ರಾಣಿ ಹೊಗೆ ಹಾಕಿದರು. ಮಗುವಿಗೆ ಹಾಲೂಡಿಸುವಾಗ ಅದರ ಮುಖ ಎರಡಾಗಿ ಕಾಣತೊಡಗಿದಾಗ ನನ್ನ ಅಕ್ಕ ಹಠ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಬಿಪಿ 176/112 ಇತ್ತು. ಅದೇ ಮೆಗ್ನೀಸಿಯಂ ಚುಚ್ಚುಮದ್ದು ನನಗೂ ಕೊಟ್ಟರು. ಬಾಣಂತಿಗೆ ತಲೆನೋವು ಬಂದರೆ ಮೊದಲು ಬಿಪಿ ನೋಡಬೇಕು ಎಂಬುದನ್ನು ಹೆರಿಗೆ ವಾರ್ಡಿನಲ್ಲಿ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಶಿರಸಿಯವರು ಬಾಣಂತನಕ್ಕೆ ಊರಿಗೆ ಬಂದರಾಯಿತು ಎಂದಿದ್ದಾರೆ. ಬರಲಿ, ಆದರೆ ಬಿಪಿ ಯಂತ್ರವೂ ಜೊತೆಗೆ ಬರಲಿ.

ಮರುಪ್ರಶ್ನೆ: ಘಟ್ಟದ ಮೇಲಿನವನು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಆಸ್ತಮಾ ಇಲ್ಲ. ಮಾತ್ರೆ ಮುಂದುವರಿಯುತ್ತಿದೆ, ಈಗ 132/84ರ ಆಸುಪಾಸಿನಲ್ಲಿದೆ. ಸೀಮಂತವನ್ನು ಇಲ್ಲಿಯೇ ಮಾಡಲು ಅತ್ತೆಯವರು ಒಪ್ಪಿದ್ದಾರೆ. ಮೈಸೂರಿನ ಅಕ್ಕನವರ ಅನುಭವವನ್ನು ಓದಿ ಹೇಳಿದ ಮೇಲೆ ಹೆಚ್ಚು ವಾದ ಬರಲಿಲ್ಲ. ಇನ್ನು ಎರಡು ಪ್ರಶ್ನೆಗಳು. ಆಸ್ಪಿರಿನ್ ಮತ್ತು ಕ್ಯಾಲ್ಸಿಯಂ ತೆಗೆದುಕೊಂಡರೆ ಇದು ಬರುವುದೇ ಇಲ್ಲವೆಂದು ಎಲ್ಲೋ ಓದಿದೆ, ಈಗ ಶುರುಮಾಡಬಹುದೇ? ಹೆರಿಗೆಯ ನಂತರ ಎಷ್ಟು ಕಾಲ ಎಚ್ಚರಿಕೆಯಿಂದಿರಬೇಕು?

ಉತ್ತರ: ಹೆರಿಗೆ ವೈದ್ಯೆ, ಧಾರವಾಡ

ಆಸ್ಪಿರಿನ್ ಕೆಲಸ ಮಾಡುವುದು ಮಾಸು ಬೇರೂರುವ ಹೊತ್ತಿನಲ್ಲಿ; 12ನೇ ವಾರದ ಸುಮಾರಿಗೆ, 16 ವಾರ ಮೀರುವ ಮೊದಲು ಆರಂಭಿಸಬೇಕು. ಈಗ ಶುರುಮಾಡಿ ಫಲವಿಲ್ಲ. ಮೊದಲ ಮೂರು ತಿಂಗಳಲ್ಲಿಯೇ ಅಪಾಯ ಹೆಚ್ಚೆಂದು ಗುರುತಿಸಿದವರಿಗೆ ರಾತ್ರಿ 150 ಮಿ.ಗ್ರಾಂ. ಕೊಟ್ಟ ಆಸ್ಪ್ರೆ ಅಧ್ಯಯನದಲ್ಲಿ, 37 ವಾರಗಳಿಗೆ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬರುವಂತಹ ಪ್ರಿಎಕ್ಲಾಂಪ್ಸಿಯಾ ಶೇ. 4.3ರಿಂದ ಶೇ. 1.6ಕ್ಕೆ ಇಳಿಯಿತು, ಅದು 2017ರಲ್ಲಿ ಪ್ರಕಟವಾಯಿತು. ಹೀಗೆ ಬಹಳ ತಗ್ಗುತ್ತದೆ, ಪೂರ್ತಿ ತಪ್ಪುವುದಿಲ್ಲ. ನಿಮ್ಮ ಪತ್ನಿ ಮುಂದಿನ ಬಾರಿ ಬಸುರಿಯಾದಾಗ, ಪರೀಕ್ಷೆಯಲ್ಲಿ ಖಚಿತವಾದ ಕೂಡಲೇ ಈ ಬಾರಿಯ ಬಿಪಿ ಬಗ್ಗೆ ವೈದ್ಯರಿಗೆ ಹೇಳಿದರೆ ಅವರು ಆಸ್ಪಿರಿನ್ ಬೇಕೇ ಎಂದು ನಿರ್ಧರಿಸುತ್ತಾರೆ. ಹಿಂದಿನ ಬಸಿರಿನಲ್ಲಿ ಬಿಪಿ ಇದ್ದವರು, ಅವಳಿ ಮಕ್ಕಳ ತಾಯಂದಿರು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಇದನ್ನು ವಿಶೇಷವಾಗಿ ಕೇಳಬೇಕು.

ಕ್ಯಾಲ್ಸಿಯಂ ಅನ್ನು ನಮ್ಮಲ್ಲಿ ಎಲ್ಲ ಬಸುರಿಯರಿಗೂ ನಾಲ್ಕನೇ ತಿಂಗಳಿಂದ ಕೊಡುತ್ತೇವೆ, ನಿಮ್ಮ ಪತ್ನಿಯೂ ತೆಗೆದುಕೊಳ್ಳುತ್ತಿರಬೇಕು. ಕಬ್ಬಿಣದ ಮಾತ್ರೆಯ ಜೊತೆಗೇ ನುಂಗಬಾರದು, ನಡುವೆ ಕೆಲವು ಗಂಟೆಗಳ ಅಂತರವಿರಲಿ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಲ್ಲಿ ಇದು ಪ್ರಿಎಕ್ಲಾಂಪ್ಸಿಯಾದ ಅಪಾಯವನ್ನು ತಗ್ಗಿಸುತ್ತದೆ. ದಿನಕ್ಕೆ 1500 ಮಿ.ಗ್ರಾಂ. ಬೇಕೇ, 500 ಸಾಕೇ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ನಮ್ಮ ಬೆಂಗಳೂರಿನಲ್ಲಿ ಮತ್ತು ತಾಂಜಾನಿಯಾದಲ್ಲಿ. ಎರಡೂ ಕಡೆ ತಲಾ 11 ಸಾವಿರ ಬಸುರಿಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ, ಪ್ರಿಎಕ್ಲಾಂಪ್ಸಿಯಾ ತಡೆಯುವಲ್ಲಿ 500 ಮಿ.ಗ್ರಾಂ. ಹಿಂದೆ ಬೀಳಲಿಲ್ಲ. ಬೆಂಗಳೂರಿನ ಕೆಲಸವನ್ನು ನಡೆಸಿದವರು ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು. ಮಾತ್ರೆ ನುಂಗಲು ಬೇಸರಪಡುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಸುದ್ದಿಯಲ್ಲ.

ಹೆರಿಗೆಯ ನಂತರದ ಮಾತು. ಮೈಸೂರಿನವರು ಬರೆದಿರುವುದು ಅಪರೂಪದ ಸಂಗತಿಯಲ್ಲ. ಹೆರಿಗೆಯಾಗಿ ಮೂರರಿಂದ ಆರು ದಿನಗಳ ನಡುವೆ ಬಿಪಿ ಮತ್ತೆ ಏರುತ್ತದೆ, ಸರಿಯಾಗಿ ಆಗಲೇ ಬಾಣಂತಿಯನ್ನು ಮನೆಗೆ ಕಳುಹಿಸಿರುತ್ತಾರೆ. ಮೊದಲ ಹತ್ತು ದಿನ ದಿನವೂ ಬಿಪಿ ನೋಡಿ, ಆಮೇಲೆ ವೈದ್ಯರು ಹೇಳಿದಂತೆ ಮಾತ್ರೆ ಇಳಿಸುತ್ತಾ ಬನ್ನಿ, ನೀವೇ ನಿಲ್ಲಿಸಬೇಡಿ. ಹಾಲೂಡಿಸುವಾಗ ಲೇಬೆಟಲಾಲ್, ನಿಫೆಡಿಪಿನ್, ಎನಲಾಪ್ರಿಲ್ ತೆಗೆದುಕೊಳ್ಳಬಹುದು. ಬಸಿರಿನಲ್ಲಿ ಬೇಡವೆಂದ ಎನಲಾಪ್ರಿಲ್ ಬಾಣಂತಿಗೆ ಆಗುತ್ತದೆ ಎಂಬುದು ಅನೇಕರಿಗೆ ವಿಚಿತ್ರವೆನಿಸುತ್ತದೆ, ಆದರೆ ಹಾಲಿನಲ್ಲಿ ಅದು ಬಹಳ ಅಲ್ಪ ಪ್ರಮಾಣದಲ್ಲಿ ಮಾತ್ರ ಸೇರುತ್ತದೆ. ಹೆರಿಗೆಗೆ ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಬಿಪಿ ಇರುವುದನ್ನು ಬಾಗಿಲಲ್ಲಿಯೇ ಹೇಳಿ, ರಕ್ತಸ್ರಾವ ನಿಲ್ಲಿಸಲು ಕೊಡುವ ಮೆಥರ್ಜಿನ್ ಚುಚ್ಚುಮದ್ದು ಇಂತಹವರಲ್ಲಿ ಬಿಪಿಯನ್ನು ಒಮ್ಮೆಲೇ ಏರಿಸಬಲ್ಲದು, ಅದರ ಬದಲು ಆಕ್ಸಿಟೋಸಿನ್ ಕೊಡಬಹುದು.

ಮೂರು ತಿಂಗಳಾದರೂ ಬಿಪಿ ಇಳಿಯದಿದ್ದರೆ ಅದು ಬಸಿರಿನದ್ದಲ್ಲ, ಫಿಸಿಷಿಯನ್ ಬಳಿ ಕಾರಣ ಹುಡುಕಿಸಬೇಕು. ಪೂರ್ತಿ ಇಳಿದರೂ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳಲಿ, ಏಕೆಂದರೆ ಪ್ರಿಎಕ್ಲಾಂಪ್ಸಿಯಾ ಆದವರಲ್ಲಿ ಮುಂದೆ ಹೃದಯರೋಗ ಮತ್ತು ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು. ನಲವತ್ತೈದರ ಹೆಣ್ಣುಮಗಳು ಎದೆನೋವೆಂದು ಬಂದಾಗ, ಇಪ್ಪತ್ತು ವರ್ಷದ ಹಿಂದೆ ಬಸಿರಿನಲ್ಲಿ ಬಿಪಿ ಇತ್ತೇ ಎಂದು ನಮ್ಮಲ್ಲಿ ಕೇಳುವವರು ಬಹಳ ಕಡಿಮೆ, ಆದ್ದರಿಂದ ಅವರೇ ಹೇಳಬೇಕು. ಗರ್ಭನಿರೋಧಕದ ವಿಷಯದಲ್ಲಿಯೂ ಅಷ್ಟೇ: ಬಿಪಿ ಇನ್ನೂ ಇರುವಾಗ ಈಸ್ಟ್ರೋಜನ್ ಸೇರಿರುವ ಗುಳಿಗೆಗಳು ಬೇಡ, ಕಾಪರ್-ಟಿ ಹಾಕಿಸಿಕೊಳ್ಳಬಹುದು, ಅದನ್ನು ಹೆರಿಗೆಯಾದ 48 ಗಂಟೆಗಳೊಳಗೂ ಹಾಕುತ್ತಾರೆ. ಬೇಕೆನಿಸಿದರೆ ಹೆರಿಗೆಗೆ ದಾಖಲಾಗುವಾಗಲೇ ಹೇಳಿಬಿಡಿ.